ಹೊಲ ಮನೇಲಿ ಅರ್ಧ

ಹಲಗೆಯ ಮೇಲೆ ತಾನೇ ಬರೆದದ್ದನ್ನು ಪಾಲಾಕ್ಷ, ಹಿಂದಿನ ಪೀರಿಯಡ್ಡಿನವರು ಅಳಿಸದೆ ಬಿಟ್ಟುಹೋದದ್ದೆಂಬಂತೆ ನೋಡುತ್ತ ನಿಂತಿದ್ದ. ಎಂಟು, ಕೂಡುವ ಗುರುತು, ಆರು, ಭಾಗಿಸುವ ಓರೆಗೆರೆ, ಎರಡು. ಇಷ್ಟೆ. ಉತ್ತರ ಎಷ್ಟು ಎಂದು ಕೇಳಿ ಸೀಮೆಸುಣ್ಣ ಹಿಡಿದ ಕೈಯನ್ನು ಕೆಳಗೆ ಬಿಟ್ಟಿದ್ದ. ಮೊದಲ ಬೆಂಚಿನವರು ಏಳು ಎಂದರು, ಕಿಟಕಿಯ ಕಡೆಯವರು ಹನ್ನೊಂದು ಎಂದರು, ಹಿಂದಿನಿಂದ ಯಾರೋ "ಎರಡನ್ನೂ ಸೇರಿಸಿ ಅರ್ಧ ಮಾಡ್ಬಿಡಿ ಸಾರ್, ಒಂಬತ್ತು, ಜಗಳ ಬೇಡ" ಎಂದದ್ದಕ್ಕೆ ತರಗತಿಯೆಲ್ಲ ನಕ್ಕಿತು. ಅವನೂ ನಗಬೇಕಾಗಿತ್ತು. ತುಟಿಯನ್ನು ಅಗಲಿಸಿದ. ಅರ್ಧ ಎಂಬ ಮಾತು ಮಾತ್ರ ಕಿವಿಯಲ್ಲಿ ಉಳಿದುಕೊಂಡಿತು, ನೀರು ಹೊಕ್ಕ ಹಾಗೆ. ಇವತ್ತು ಮಧ್ಯಾಹ್ನ ಹಾಸನದ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಸೋದರಮಾವನ ಆಸ್ತಿಯ ಭಾಗಪತ್ರ ರಿಜಿಸ್ಟ್ರಿ ಆಗುವುದಿತ್ತು. ದುದ್ದದಿಂದ ಮಾವನ ಮನೆಯವರೆಲ್ಲ ಬಸ್ಸು ಹತ್ತಿರಬಹುದು. ಸಾಕ್ಷಿಯಾಗಿ ಅವನು ರುಜು ಹಾಕಬೇಕಿತ್ತು.

ಮೇ ತಿಂಗಳಲ್ಲಿ ಕಾನ್ಪುರದ ಬೇಸಿಗೆ ತರಬೇತಿಗೆ ಹೋಗಿ, ಲೆಕ್ಕ ಮಾಡುವ ಯಂತ್ರವನ್ನು ಕಣ್ಣಾರೆ ಕಂಡು, ಅದಕ್ಕೆ ತಿಳಿಯುವ ಭಾಷೆ ಕಲಿತು ಬಂದವನೆಂದು ಪ್ರಿನ್ಸಿಪಾಲರು ಅವನಿಂದ ಕೊನೆಯ ವರ್ಷದ ಬಿ.ಎಸ್ಸಿಯವರಿಗೆ ಕೆಲವು ಉಪನ್ಯಾಸಗಳನ್ನು ಏರ್ಪಡಿಸಿದ್ದರು. ಇವತ್ತಿನದು ಯಾವ ಕ್ರಿಯೆ ಮೊದಲು ಎಂಬ ವಿಷಯ. ಕೇಳಲು ಮಕ್ಕಳ ಪಾಠ. ಯಂತ್ರಕ್ಕೆ ಮಾತ್ರ ಅದೇ ಅನ್ನನೀರು. ನೀವು ಒಂದು ಸಾಲು ಬರೆದು ಕೊಟ್ಟರೆ ಅದು ನಿಮ್ಮ ಮುಖ ನೋಡುವುದಿಲ್ಲ, ಮೊದಲು ಘಾತಗಳನ್ನು ಮಾಡುತ್ತದೆ, ಆಮೇಲೆ ಗುಣಾಕಾರ ಭಾಗಾಕಾರ, ಅದಾದ ಮೇಲೆ ಕೂಡುವುದು ಕಳೆಯುವುದು. ಒಂದೇ ಅಂತಸ್ತಿನ ಎರಡು ಕ್ರಿಯೆ ಎದುರಾದರೆ ಎಡಗಡೆಯದು ಮೊದಲು. ಎಂಟು ಕೂಡು ಆರು ಭಾಗಿಸು ಎರಡು ಎಂದರೆ ಆರರ ಅರ್ಧ ಮೂರು, ಎಂಟು ಮೂರು ಹನ್ನೊಂದು. ಕೂಡುವುದೇ ಮೊದಲಾಗಬೇಕು, ಏಳೇ ಬೇಕು ಎಂದರೆ ಎಂಟನ್ನೂ ಆರನ್ನೂ ಬ್ರಾಕೆಟ್ಟಿನೊಳಗೆ ಕೂಡಿಹಾಕಬೇಕು. ಹೀಗೆ ಹೇಳಿ ಬ್ರಾಕೆಟ್ಟಿನ ಎರಡು ಕಮಾನುಗಳನ್ನು ಬರೆದ. ಅರಕಲಗೂಡಿನಿಂದ ಬಂದು ಹಾಸ್ಟೆಲ್ಲಿನಲ್ಲಿದ್ದ ಹುಡುಗಿಯೊಬ್ಬಳು, ಯಾವಾಗಲೂ ನೋಟ್ಸ್ ಬರೆದುಕೊಳ್ಳುತ್ತ ತಲೆ ಎತ್ತದವಳು, ಎದ್ದು ನಿಂತು, "ಬ್ರಾಕೆಟ್ ಹಾಕದೆ, ಎಂಟು ಆರನ್ನ ಹತ್ತಿರ ಹತ್ತಿರ ಬರೆದು ಎರಡನ್ನ ದೂರ ಬರೆದ್ರೆ ಸಾರ್? ಮಧ್ಯೆ ಜಾಗ ಬಿಟ್ರೆ ಅದಕ್ಕೆ ಗೊತ್ತಾಗಲ್ವಾ?" ಎಂದು ಕೇಳಿದಳು. ಪಾಲಾಕ್ಷನ ಕೈಯಲ್ಲಿದ್ದ ಸೀಮೆಸುಣ್ಣ ಮುರಿಯಿತು. "ಗೊತ್ತಾಗೋದಿಲ್ಲಮ್ಮ," ಎಂದ. "ಜಾಗ ಅದಕ್ಕೆ ಕಾಣಿಸೋದೇ ಇಲ್ಲ."

ಅವಳು ಕೇಳಿದ ತಪ್ಪನ್ನೇ ಅವನು ಕಾನ್ಪುರದಲ್ಲಿ ಮಾಡಿದ್ದ. ಒಂದು ದಿನದ ಅತಿ ಹೆಚ್ಚು ಮತ್ತು ಅತಿ ಕಡಿಮೆ ಉಷ್ಣತೆ ಕೊಟ್ಟು ಸರಾಸರಿ ಕಂಡುಹಿಡಿಯಲು ಯಂತ್ರಕ್ಕೆ ಹೇಳಬೇಕಿತ್ತು, ಎಳೆಯ ಮಗುವಿಗೆ ಕೊಡುವಂಥ ಅಭ್ಯಾಸ. ಎರಡು ಉಷ್ಣತೆಗಳಿಗೆ 'ಎ', 'ಬಿ' ಎಂದು ಹೆಸರಿಟ್ಟು, ಕೈಬರಹದಲ್ಲಿ ರೂಢಿಯಿದ್ದಂತೆ ಎರಡನ್ನೂ ಕೂಡುವ ಗುರುತಿನೊಡನೆ ಅಂಟಿಸಿ ಬರೆದು, ಒಂದಷ್ಟು ಜಾಗ ಬಿಟ್ಟು, ಭಾಗಿಸುವ ಗೆರೆ ಮತ್ತು ಎರಡನ್ನು ಬರೆದಿದ್ದ. ಆ ಜಾಗದಲ್ಲಿ ತನ್ನ ಅರ್ಥವೆಲ್ಲ ಇದೆಯೆಂದು ನಂಬಿದ್ದ. ಕಾರ್ಡುಗಳಲ್ಲಿ ತೂತು ಹೊಡೆದದ್ದಾಯಿತು, ಯಂತ್ರ ನುಂಗಿದ್ದಾಯಿತು, ಕಾಗದದ ಮೇಲೆ ಐವತ್ತೇಳು ಎಂದು ಬಂತು. ನಲವತ್ತೆರಡಕ್ಕೂ ಮೂವತ್ತಕ್ಕೂ ಸರಾಸರಿ ಐವತ್ತೇಳು. ಅವನಿಗಿಂತ ಚಿಕ್ಕವನಾದ ಬೋಧಕ ಆ ಕಾಗದವನ್ನು ಎಲ್ಲರಿಗೂ ಎತ್ತಿ ತೋರಿಸಿ, ಮೈಸೂರಿನ ಕಡೆಯ ಪ್ರೊಫೆಸರರ ಲೆಕ್ಕದಂತೆ ನಾವೆಲ್ಲ ನಿನ್ನೆಯೇ ಬೆಂದುಹೋಗಿದ್ದೇವೆ ಎಂದ. ಎಲ್ಲರೊಂದಿಗೆ ಪಾಲಾಕ್ಷನೂ ನಕ್ಕಿದ್ದ. ನಗುವಾಗಲೇ, ಆ ಬಿಸಿಗಾಳಿಯ ಕೋಣೆಯಲ್ಲಿ, ಬೆನ್ನಿನ ಮೇಲೆ ತಣ್ಣೀರು ಎರಚಿದಂತಾಗಿ, ಬಾವಿಯ ರಾಟೆಯ ಸದ್ದು ಕೇಳಿತ್ತು. ದುದ್ದದ ಮನೆಯ ಹಿಂದಿನ ಹೊಲದ ರಾಟೆ. ಅದು ಎರಡು ಸಲ ಕಿರುಗುಟ್ಟುವಷ್ಟು ಹೊತ್ತು ಮಾವ ಉಸಿರು ತೆಗೆದುಕೊಂಡಿದ್ದ.

ನಡುಮನೆಯ ಪಕ್ಕದ ಕೋಣೆ. ಸೋದರಮಾವ ನಂಜಪ್ಪ ಗೋಡೆಯ ಕಡೆ ಮುಖ ಮಾಡಿಕೊಂಡಿದ್ದವನು ಹೊರಳಿ ಅವನ ಮಣಿಕಟ್ಟು ಹಿಡಿದದ್ದು ಫೆಬ್ರವರಿಯ ಒಂದು ಬೆಳಗ್ಗೆ. ಮಾವನ ಮಗ ಮಂಜುನಾಥ ಡಾಕ್ಟರನ್ನು ಕರೆತರಲು ಹಾಸನಕ್ಕೆ ಹೋಗಿದ್ದ. ಅವನ ಹೆಂಡತಿ ಕಾಮಾಕ್ಷಮ್ಮ, ಅಂದರೆ ಪಾಲಾಕ್ಷನ ಸ್ವಂತ ತಂಗಿ, ಹಿಂದೆ ಬಾವಿಯಲ್ಲಿ ನೀರು ಸೇದುತ್ತಿದ್ದಳು. ಕೆರೆಯ ಕೆಳಗಿನ ಗದ್ದೆಯೂ ತೆಂಗಿನ ತೋಟವೂ ಮಂಜುನಾಥನಿಗೆಂದು ಎಂದೋ ಆಗಿತ್ತು. ಉಳಿದದ್ದು ಮನೆ ಮತ್ತು ಮನೆಯ ಹಿಂದಿನ ಹೊಲ, ತೀರಿಹೋದ ಹಿರಿಯ ಮಗನ ಹೆಂಡತಿ ದೊಡ್ಡತಾಯಮ್ಮ ದುಡಿಯುತ್ತಿದ್ದ ಹೊಲ. ಮಾವನಿಗೆ ಅದೇ ಹೇಳಬೇಕಾಗಿತ್ತೆಂದು ಕಾಣುತ್ತದೆ. "ಹೊಲ," ಎಂದ. ಎದೆ ಏರಿತು, ಇಳಿಯಿತು. ಹೊರಗೆ ರಾಟೆ ಕಿರುಗುಟ್ಟಿತು, ಮತ್ತೆ ಕಿರುಗುಟ್ಟಿತು. "ಮನೇಲಿ ಅರ್ಧ, ದೊಡ್ಡತಾಯಿಗೆ." ಕೈ ಸಡಿಲಾಯಿತು. ಡಾಕ್ಟರು ಬರುವ ಹೊತ್ತಿಗೆ ಡಾಕ್ಟರಿಗೆ ಕೆಲಸವಿರಲಿಲ್ಲ. ಕೈ ಸಡಿಲಾದೊಡನೆ ಪಾಲಾಕ್ಷ ಎದ್ದು ಬಾಗಿಲಿಗೆ ಬಂದಾಗ ಹೊಸ್ತಿಲ ಮೇಲೆ ಒಂದು ಚೊಂಬು ನೀರಿತ್ತು, ಇನ್ನೂ ಅಲುಗುತ್ತಿತ್ತು. ಅದನ್ನು ಎತ್ತಿ ಮಾವನ ಬಾಯಿಗೆ ಬಿಟ್ಟಿದ್ದ. ಅಲ್ಲಿ ಅದನ್ನು ಯಾರು ಇಟ್ಟರೆಂದು ಕೇಳಿರಲಿಲ್ಲ.

ಗಂಟೆ ಹೊಡೆಯಿತು. ಹುಡುಗರು ಪುಸ್ತಕ ಮುಚ್ಚಿದರು. ಹಲಗೆ ಒರೆಸುವಾಗ ಬ್ರಾಕೆಟ್ಟುಗಳು ಹೋದವು, ಸಂಖ್ಯೆಗಳ ಬಿಳಿ ಕಲೆ ಉಳಿಯಿತು. ಸ್ಟಾಫ್ ರೂಮಿನಲ್ಲಿ ಯಾರೋ ನಿಮ್ಮ ಮಿಷನ್ನು ನಮ್ಮ ಟೈಮ್‌ಟೇಬಲ್ ಹಾಕಿಕೊಡುತ್ತದೆಯೇ ಎಂದು ತಮಾಷೆ ಮಾಡಿದರು. ಅವನು ಅರ್ಧ ದಿನದ ರಜೆ ಬರೆದಿಟ್ಟು ಹೊರಟ. ಅಲ್ಲಿಂದ ಕಚೇರಿಗೆ ನಡೆದರೆ ಹತ್ತಿರವೇ. ಬೇಕೆಂದೇ ಬಸ್‌ಸ್ಟ್ಯಾಂಡಿನ ಸುತ್ತು ದಾರಿ ಹಿಡಿದ. ಹೊಳೆನರಸೀಪುರದ ಬಸ್ಸು ಹೊರಡುತ್ತಿತ್ತು. ಮದುವೆಗೆ ಮುಂಚೆ ಅಲ್ಲಿನ ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದಾಗ ಇಂಥದೇ ಬಸ್ಸಿನಲ್ಲಿ ನಿಂತುಕೊಂಡು ಹೋಗುತ್ತಿದ್ದವನು. ಈಗಲೂ ಹತ್ತಿಬಿಟ್ಟರೆ? ಸಂಜೆ ಬಂದು ಪರೀಕ್ಷೆಯ ಕೆಲಸ ಬಂತು, ಎಂದರೆ? ರಿಜಿಸ್ಟ್ರಿ ನಿಲ್ಲುವುದಿಲ್ಲ. ಬೇರೆ ಯಾರನ್ನಾದರೂ ಸಾಕ್ಷಿ ಹಾಕಿಸಿಕೊಳ್ಳುತ್ತಾರೆ. ಅವನ ಮಾತು ಅವನಿಲ್ಲದೆಯೂ ನಡೆಯುತ್ತದೆ, ತೂತು ಹೊಡೆದು ಕೊಟ್ಟ ಕಾರ್ಡಿನ ಹಾಗೆ. ಬಸ್ಸು ಹೋಯಿತು. ಧೂಳು ಇಳಿಯುವವರೆಗೆ ಅವನು ಕಣ್ಣು ಮುಚ್ಚಿಕೊಂಡು ನಿಂತಿದ್ದ.

ದೊಡ್ಡತಾಯಮ್ಮ ಆ ಮನೆಗೆ ಸೊಸೆಯಾಗಿ ಬಂದಾಗ ಅವನು ಮಾವನ ಮನೆಯಲ್ಲಿದ್ದುಕೊಂಡು ಹೈಸ್ಕೂಲಿಗೆ ಹೋಗುತ್ತಿದ್ದ. ಮಾವನ ಹಿರಿಯ ಮಗ ಈಶ್ವರಯ್ಯನ ಹೆಂಡತಿ. ಬೆಳಗ್ಗೆ ಅವನ ಬುತ್ತಿಗೆ ರೊಟ್ಟಿ ತಟ್ಟುತ್ತ, ಅವನು ಒಲೆಯ ಬೆಳಕಿನಲ್ಲಿ ಲೆಕ್ಕ ಬಾಯಿಪಾಠ ಮಾಡುವುದನ್ನು ಕೇಳಿಸಿಕೊಳ್ಳುತ್ತಿದ್ದಳು. ಮೊದಲು ಬ್ರಾಕೆಟ್ಟು, ಆಮೇಲೆ ಭಾಗಿಸು, ಗುಣಿಸು, ಕೂಡು, ಕಟ್ಟಕಡೆಗೆ ಕಳೆ. ಒಂದು ದಿನ ಕೇಳಿದಳು: "ಇದು ಮೊದ್ಲು ಅದು ಆಮೇಲೆ ಅಂತ ಯಾರ್ಲಾ ಮಾಡುದ್ರು?" ಅವನು, "ಹಾಗೇ ಅಕ್ಕ, ಎಲ್ಲಾರೂ ಒಪ್ಪಿಕೊಂಡಿದಾರೆ," ಎಂದ. "ಸರಿ ಕಣ, ನಮ್ಮನ್ಯಾಗೆ ಉಣ್ಣಾಕೆ ಕೂರ್ದಂಗೆ. ಮಾವ ಮೊದ್ಲು, ಆಮೇಲೆ ನಿಮ್ಮಣ್ಣ, ಆಮೇಲೆ ನೀವು ಹುಡ್ಗ್ರು. ಕಡೇಲಿ ಕಳ್ಯೋಳು ನಾನು, ಎಲ್ಲಾರ ಎಂಜ್ಲು." ಇಬ್ಬರೂ ನಕ್ಕಿದ್ದರು. ಆ ನಗುವಿನಲ್ಲಿ ಏನೂ ಇರಲಿಲ್ಲ, ಬರೀ ಹೊಗೆ, ರೊಟ್ಟಿಯ ವಾಸನೆ. ಅದಾದ ಮೇಲೆ ಈಶ್ವರಯ್ಯ ಹಿಂದಿನ ಹೊಲದಲ್ಲಿ ಬಾವಿ ತೋಡಿದ. ನೀರು ಕಂಡ ವರ್ಷವೇ ಜ್ವರದಲ್ಲಿ ಹೋದ. ಅಲ್ಲಿಂದ ಆ ಹೊಲಕ್ಕೆ ಒಡತಿಯೆಂದರೆ ಅವಳೇ. ಬದನೆ, ಮೆಣಸಿನಕಾಯಿ, ಸೊಪ್ಪು, ಏನು ಹಾಕಿದರೂ ಬರುತ್ತಿತ್ತು. ಬುಟ್ಟಿ ಹೊತ್ತು ಹಾಸನದ ಸಂತೆಗೆ ಬರುತ್ತಿದ್ದಳು. ಮಗಳೊಬ್ಬಳನ್ನು ಚನ್ನರಾಯಪಟ್ಟಣದ ಕಡೆ ಕೊಟ್ಟಿದ್ದೂ ಆ ಹೊಲದಿಂದಲೇ. ಹೊಲವನ್ನು ಸಮ ಎರಡು ಮಾಡಿ ಹಗ್ಗ ಹಿಡಿದರೆ ಬಾವಿ ಮೇಲಿನ ಅರ್ಧಕ್ಕೆ ಬೀಳುತ್ತಿತ್ತು. ಮೇಲಿನ ಅರ್ಧ ಮಂಜುನಾಥನದಾಗಿತ್ತು. ಕಲ್ಲು ನೆಟ್ಟೂ ಆಗಿತ್ತು.

ಅಂದರೆ ಅವನು ಮಾಡಿದ್ದೇನು? ಎಷ್ಟೋ ಸಲ ಈ ಪ್ರಶ್ನೆಯನ್ನು ಹಲಗೆಯ ಮೇಲೆ ಬರೆದಂತೆ ಎದುರಿಗಿಟ್ಟುಕೊಂಡಿದ್ದ. ತಿಥಿಯ ದಿನ ಊಟಕ್ಕೆ ಮುಂಚೆ ಹಿತ್ತಲಲ್ಲಿ ಕೈ ತೊಳೆಯುವಾಗ ತಂಗಿ ತಂಬಿಗೆ ಹಿಡಿದು ನಿಂತು, "ಮಾವ ಏನಂದ್ರಣ್ಣ ಕಡೇಲಿ?" ಎಂದು ಕೇಳಿದ್ದಳು. ಅವನು ಹೇಳಿದ್ದ. ಹೊಲ, ಎಂದಿದ್ದ, ಉಸಿರು ತೆಗೆದುಕೊಂಡಿದ್ದ, ಮನೇಲಿ ಅರ್ಧ, ಎಂದಿದ್ದ. "ಹೊಲಮನೇಲಿ ಅರ್ಧ ಅಂದ್ರಾ?" ಎಂದು ಅವಳು ತಿರುಗಿ ಕೇಳಿದಳು, ಎಲ್ಲರೂ ಆಡುವ ಹಾಗೆ, ಹೊಲಮನೆ ಎಂಬುದು ಒಂದೇ ಪದವಾಗಿ, ಗಂಡಹೆಂಡಿರ ಹಾಗೆ ಅಂಟಿಕೊಂಡು. ನೀರು ಅವನ ಕೈ ಮೇಲೆ ಸುರಿಯುತ್ತಲೇ ಇತ್ತು. ಹೂಂ ಎಂದ. ಆಮೇಲೆ ಜಗುಲಿಯ ಮೇಲೆ ಪಟೇಲ ಗಂಗಾಧರಯ್ಯನವರು, ಊರಿನ ನಾಲ್ಕು ಹಿರಿಯರು ಕೇಳಿದಾಗ ತಂಗಿಯ ಬಾಯಿಂದ ಬಂದ ಹಾಗೆಯೇ ಹೇಳಿದ: ಹೊಲಮನೇಲಿ ಅರ್ಧ ದೊಡ್ಡತಾಯಿಗೆ. ಮನೆಯಲ್ಲೂ ಅರ್ಧ, ಹೊಲದಲ್ಲೂ ಅರ್ಧ. "ನಂಜಪ್ಪ ಧರ್ಮಸ್ಥ," ಎಂದರು ಪಟೇಲರು, "ಸಮಸಮ ಮಾಡವ್ನೆ. ಓದ್ದೋನು ಮಗ್ಗುಲಲ್ಲಿದ್ದದ್ದು ವಾಸಿಯಾಯ್ತು, ಒಂದಕ್ಷರ ಆಚೀಚೆ ಆಗಲ್ಲ." ಒಂದಕ್ಷರವೂ ಆಚೀಚೆಯಾಗಿರಲಿಲ್ಲ. ಅದೇ ಅವನನ್ನು ಕೊರೆಯುತ್ತಿದ್ದದ್ದು. ಮಾವ ಆಡಿದ ಪದಗಳೆಲ್ಲ ಇದ್ದವು, ಅದೇ ಸಾಲಿನಲ್ಲಿ ಇದ್ದವು. ಮಾವ ಪದಗಳ ನಡುವೆ ಬಿಟ್ಟ ಜಾಗವೊಂದನ್ನು ಮಾತ್ರ ಅವನು ತೆಗೆದಿದ್ದ. ಯಂತ್ರ ಅವನು ಬಿಟ್ಟ ಜಾಗವನ್ನು ಕಾಣದೆ, ನಿಯಮದಂತೆ 'ಎ'ಗೆ 'ಬಿ'ಯ ಅರ್ಧವನ್ನು ಕೂಡಿತ್ತು. ಅವನು ಮಾವ ಬಿಟ್ಟ ಜಾಗವನ್ನು ಕಂಡೂ, ಇಲ್ಲದ ಬ್ರಾಕೆಟ್ಟು ಹಾಕಿ ಎರಡನ್ನೂ ಸೇರಿಸಿ ಅರ್ಧ ಮಾಡಿದ್ದ. ಯಂತ್ರದ ಕೈಗೆ ಮಾವನ ಮಾತು ಸಿಕ್ಕಿದ್ದರೆ ಹೊಲ ಪೂರ್ತಿ ದೊಡ್ಡತಾಯಕ್ಕನಿಗೆ ಹೋಗುತ್ತಿತ್ತಲ್ಲ ಎಂದು ಕಾನ್ಪುರದ ಹಾಸ್ಟೆಲ್ಲಿನಲ್ಲಿ ಒದ್ದೆ ಪಂಚೆ ಹೊದ್ದು ಮಲಗಿ ಯೋಚಿಸಿದಾಗ ನಗು ಬಂದಿತ್ತು. ನಗು ಅರ್ಧದಲ್ಲಿ ಬೇರೆ ಏನೋ ಆಗಿತ್ತು.

ಯಾಕೆ ಮಾಡಿದೆ ಎಂಬುದಕ್ಕೆ ಇಷ್ಟು ದಿನ ಅವನಲ್ಲಿ ಒಂದು ಉತ್ತರವಿತ್ತು. ತಂಗಿಗಾಗಿ. ಅವಳಿಗೆ ಬಾವಿ ಬೇಕಿತ್ತು, ಅವಳ ಗಂಡನಿಗೆ ಬೇಕಿತ್ತು, ಅವರ ಕಣ್ಣು ಹಾಗೆ ಕೇಳಿತ್ತು. ಪಾಪದ ಒಂದು ಪಾಲನ್ನು ಅವರ ಹೆಸರಿಗೆ ಬರೆದಿಟ್ಟುಕೊಂಡು ಸ್ವಲ್ಪ ಹಗುರವಾಗಿದ್ದ.

ಕಚೇರಿಯ ಜಗುಲಿಯಲ್ಲಿ ಅವರು ಆಗಲೇ ಕೂತಿದ್ದರು. ಮಂಜುನಾಥ ಎದ್ದು ಬಂದು, "ಬಾ ಭಾವ, ಕಾಯ್ತಾ ಇದ್ದೀವಿ. ನಿನ್ ಮಿಷನ್ ಬುಟ್ಟು ಬರಾಕೆ ಮನಸೇ ಬರಲ್ವಲ್ಲ ನಿಂಗೆ," ಎಂದು ಕೈ ಹಿಡಿದುಕೊಂಡ. ಕಾಮಾಕ್ಷಮ್ಮ ಚೀಲದಿಂದ ಕೋಡುಬಳೆಯ ಡಬ್ಬ ತೆಗೆದು, "ಮನೇಲಿ ಅತ್ತಿಗೆಗೆ ಕೊಡಣ್ಣ," ಎಂದಳು. ಕಂಬಕ್ಕೆ ಒರಗಿ, ಸೆರಗು ತಲೆಯ ಮೇಲೆ ಎಳೆದುಕೊಂಡು ದೊಡ್ಡತಾಯಮ್ಮ ಕೂತಿದ್ದಳು. ಅವಳ ಪಕ್ಕದಲ್ಲಿ ಬಾಳೆಲೆ ಮುಚ್ಚಿದ ಬುಟ್ಟಿ. "ಎಳೇ ಬದನೆಕಾಯಿ ಕಣಪ್ಪ, ನಿನ್ನೆಂಡ್ರಿಗೆ. ಕೆಳಗ್ಲು ಮಡೀದು. ಮೇಗ್ಲುದು ಈಗ ಇವ್ರುದಲ್ವಾ," ಎಂದಳು. ಚುಚ್ಚುವ ದನಿಯಲ್ಲ. ಮಳೆ ಬರಲಿಲ್ಲವಲ್ಲ ಎನ್ನುವವಳ ದನಿ. ಅವನು ಬುಟ್ಟಿಯನ್ನು ತೆಗೆದುಕೊಂಡು ಎಲ್ಲಿಡುವುದೆಂದು ತಿಳಿಯದೆ ಎರಡೂ ಕೈಯಲ್ಲಿ ಹಿಡಿದು ನಿಂತ.

ಪತ್ರ ಬರೆಯುವ ಚಲುವಯ್ಯ ಇಳಿಜಾರು ಮೇಜಿನ ಹಿಂದೆ ಕೂತು, ಛಾಪಾ ಕಾಗದಕ್ಕೆ ಇಳಿಸುವ ಮುಂಚೆ ಕರಡನ್ನು ಓದಿ ಹೇಳುವುದು ವಾಡಿಕೆ. ಮೂಗಿನ ಮೇಲೆ ಕನ್ನಡಕ ಇಳಿಸಿಕೊಂಡು, ಎಲ್ಲೂ ನಿಲ್ಲಿಸದೆ, ಒಂದೇ ಉಸಿರಿನಲ್ಲಿ ಓದುತ್ತ ಹೋದ. ಅಂಥ ಕಡೆಯಿಂದ ಇಂಥ ಕಡೆಯವರೆಗೆ ಚಕ್ಕುಬಂದಿ, ದಿವಂಗತ ನಂಜಪ್ಪನವರ ಬಾಯಿಮಾತಿನ ಮೇರೆಗೆ ಹೊಲ ಮನೆಯಲ್ಲಿ ಅರ್ಧ ಭಾಗವು ದೊಡ್ಡತಾಯಮ್ಮನಿಗೂ ಉಳಿದರ್ಧ ಭಾಗವು ಮಂಜುನಾಥನಿಗೂ ಸಲ್ಲತಕ್ಕದ್ದಾಗಿ. ಓದಿ ಮುಗಿಸಿ, "ಎಲ್ಲಾರ್ಗೂ ಒಪ್ಪಿಗೆಯಾ? ಅಮ್ಮಾ, ನಿಮ್ದು ಹೆಬ್ಬೆಟ್ಟಲ್ವಾ?" ಎಂದ.

"ಹೆಬ್ಬೆಟ್ಟೇ ಸಾ. ಒತ್ತೀನಿ," ಎಂದಳು ದೊಡ್ಡತಾಯಮ್ಮ. ಎದ್ದು ಬಂದು ಮೇಜಿನ ಹತ್ತಿರ ನಿಂತಳು. "ಒತ್ತಕೆ ಮುಂಚೆ ಪಾಲಾಕ್ಷಪ್ಪ ಇನ್ನೊಂದ್ಸಲ ಯೋಳ್ಬುಡ್ಲಿ. ಮಾವ ಅಂದ್ರಲ್ಲ, ಅವ್ರು ಅಂದಂಗೇ."

"ಆವತ್ತೇ ಯೋಳಿಲ್ವಾ ಅತ್ತಿಗೆ, ಊರೋರೆಲ್ಲ ಕೇಳವ್ರೆ," ಎಂದ ಮಂಜುನಾಥ.

"ಊರೋರು ಕೇಳವ್ರೆ. ನಾನು ಒಳಗಿದ್ದೆ, ಎಡೆ ಇಕ್ಕತಿದ್ದೆ. ನನ್ ಕಿವೀಗೂ ಒಂದ್ಸಲ ಬೀಳ್ಲಿ ಬುಡು."

ಪಾಲಾಕ್ಷ ಬುಟ್ಟಿಯನ್ನು ನೆಲದ ಮೇಲಿಟ್ಟ. ಬೆರಳುಗಳಿಗೆ ಬಾಳೆಲೆಯ ತೇವ ಅಂಟಿತ್ತು. ಎಷ್ಟು ಸುಲಭ, ಪದಗಳು ಸಾಲಾಗಿ ಬಾಯಿಯಲ್ಲಿ ಇದ್ದವು, ಅಂಟಿಸಿ ಬಿಟ್ಟರಾಯಿತು. ಅವಳ ಮುಖ ನೋಡಬಾರದೆಂದುಕೊಂಡು ಅವಳ ಕೈ ನೋಡಿದ. ಅದು ಮಡಿಚಿಕೊಂಡಿತ್ತು, ಹೆಬ್ಬೆರಳು ಒಳಗೆ. "ಹೊಲ," ಎಂದ. ಮುಂದಿನ ಪದ ಬರಲಿಲ್ಲ. ಅಂದುಕೊಂಡು ನಿಲ್ಲಿಸಿದ್ದಲ್ಲ, ಎದೆಯೇ ತಾನಾಗಿ ಏರಿ ನಿಂತಿತು. ಕಚೇರಿಯ ಒಳಗೆ ಜವಾನ ಕಾಗದಗಳಿಗೆ ಮೊಹರು ಕುಟ್ಟುತ್ತಿದ್ದ. ಒಂದು ಸಲ ಕುಟ್ಟಿದ ಸದ್ದು ಕೇಳಿತು, ಇನ್ನೊಂದು ಸಲ ಕೇಳಿತು. ತಂಗಿ ತಲೆ ಎತ್ತಿದಳು. "ಮನೇಲಿ ಅರ್ಧ," ಎಂದ, "ದೊಡ್ಡತಾಯಿಗೆ."

ಚಲುವಯ್ಯ, ದಿನವೂ ನೂರು ಜನರ ಬಾಯಿ ಕೇಳಿ ಬರೆಯುವವನು, ಲೇಖನಿಯನ್ನು ಎತ್ತಿ ಹಿಡಿದು, "ಹೊಲ ಆದ್ಮೇಕೆ ಕಾಮಾ ಹಾಕ್ಲಾ ಸಾ?" ಎಂದು ಕೇಳಿದ.

"ಹಾಕಿ," ಎಂದ ಪಾಲಾಕ್ಷ.

"ಹಾಕ್ಬೋದು. ಆದ್ರೆ ನಮ್ ಪತ್ರದಾಗೆ ಕಾಮಾ ನಿಲ್ಲಲ್ಲ ಸಾ. ನಾಳೀಕೆ ಒಬ್ಬ ಲಾಯರ್ ಬಂದು, ಸ್ವಾಮಿ ಇದು ಕಾಮಾ ಅಲ್ಲ, ನೊಣ ಕೂತು ಎದ್ದೋಗಿರಾದು ಅಂತಾನೆ. ಹೊಲ ಬ್ಯಾರೆ, ಮನೇಲಿ ಅರ್ಧ ಬ್ಯಾರೆ ಅನ್ನಂಗಿದ್ರೆ ಹೊಲ ಪೂರ್ತಿ ಅಂತ ಬಾಯ್ಬುಟ್ಟು ಯೋಳ್ಬೇಕು, ನಾನು ಬರೀಬೇಕು."

ಮಂಜುನಾಥ ಅವನ ಹತ್ತಿರ ಬಂದ. ಕೋಪವಿರಲಿಲ್ಲ, ಏನೋ ಬಿದ್ದದ್ದನ್ನು ಹುಡುಕುವವನ ಮುಖವಾಗಿತ್ತು. "ಅಪ್ಪ ಪೂರ್ತಿ ಅಂದ್ರಾ ಭಾವ?"

"ಅನ್ನಲಿಲ್ಲ."

"ಮತ್ತೆ?"

"ಹೊಲ ಅಂದು ಉಸಿರು ತಗೊಂಡ್ರು."

"ಸಾಯೋ ಮನುಷ್ಯ ಉಸ್ರು ತಕ್ಕಳ್ದೆ ಇನ್ನೇನ್ ಮಾಡ್ತಾನೆ?"

ಪಾಲಾಕ್ಷನಿಗೆ ಇದು ಹೊಳೆದೇ ಇರಲಿಲ್ಲ. ಆರು ತಿಂಗಳಿಂದ ಆ ಉಸಿರನ್ನು ಒಂದು ಗುರುತೆಂದೇ ತಿಳಿದಿದ್ದ, ಅರ್ಥವಿಟ್ಟು ಬಿಟ್ಟ ಜಾಗವೆಂದು. ಅದು ಬರೀ ಉಸಿರಾಗಿದ್ದರೆ? ಮಾವನ ಮನಸ್ಸಿನಲ್ಲಿ ಹೊಲಮನೆ ಒಂದೇ ಪದವಾಗಿದ್ದು, ಎದೆ ಮಾತ್ರ ಅದನ್ನು ಎರಡು ಮಾಡಿದ್ದರೆ? ಕೇಳಲು ಮಾವನಿಲ್ಲ. ನಿಯಮ ಮಾಡಿದವರು ಯಾರೆಂದು ಒಲೆಯ ಮುಂದೆ ಕೇಳಿದ್ದವಳು ಎದುರಿಗೆ ನಿಂತಿದ್ದಳು. ಅವನಿಗೆ ಖಾತ್ರಿಯಾಗಿ ಗೊತ್ತಿದ್ದದ್ದು ಒಂದೇ: ತಿಥಿಯ ದಿನ ಮಾವನ ಮನೆಯ ಜಗುಲಿಯ ಮೇಲೆ ಅದನ್ನು ತೆಗೆದುಹಾಕಿದಾಗ ಅವನು ಅದನ್ನು ಬರೀ ಉಸಿರೆಂದು ತಿಳಿದು ತೆಗೆದಿರಲಿಲ್ಲ.

"ಉಸ್ರಲ್ಲ ಕಣಪ್ಪ ಮಂಜುನಾಥ," ಎಂದಳು ದೊಡ್ಡತಾಯಮ್ಮ. "ಹೊಲ ಅಂದು ಬಾಗ್ಲ ಕಡೀಕೆ ನೋಡುದ್ರು. ನಾನು ನಿಂತಿದ್ದೆ. ಚೊಂಬು ಮಡಗಿ ಹಿಂದಕ್ ಸರ್ದೆ."

"ನೀನಿದ್ಯಾ? ಮತ್ತೆ ಆವತ್ಯಾಕೆ ಬಾಯ್ಬುಡ್ಲಿಲ್ಲ ಅತ್ತಿಗೆ?"

"ನನ್ ಪಾಲ್ನ ನಾನೇ ಕೇಳ್ಕಂಡ್ರೆ ಯಾರ್ ನಂಬ್ತಾರೆ? ಓದ್ದೋನು ಮಗ್ಗುಲಲ್ಲಿದ್ದ. ಯೋಳ್ತಾನೆ ಅಂತ ಸುಮ್ನಾದೆ."

ಮಂಜುನಾಥ ಚಲುವಯ್ಯನ ಕಡೆ ತಿರುಗಿದ. ಕುತ್ತಿಗೆಯ ನರ ಎದ್ದಿತ್ತು. "ಬರ್ಕಳಿ ಸಾ. ಹೊಲ ಪೂರ್ತಿ ಅಂತ್ಲೇ ಬರ್ಕಳಿ." ಆಮೇಲೆ ಪಾಲಾಕ್ಷನಿಗೆ, ತಗ್ಗಿದ ದನಿಯಲ್ಲಿ, "ನಿನ್ ಮಾತ್ ನಂಬ್ಕಂಡು ಅತ್ತಿಗೆ ಹೊಲ್ದಾಗೆ ಕಲ್ಲು ನೆಡ್ಸುದ್ನಲ್ಲೋ ಭಾವ. ನಾನು ಕೇಳಿದ್ನಾ ನಿನ್ನ? ಆ ಬಾವಿ ನಂಗೆ ಬೇಕು ಅಂತ ಯಾವತ್ತಾದ್ರೂ ಅಂದಿದ್ನಾ?"

ಅಂದಿರಲಿಲ್ಲ. ಪಾಲಾಕ್ಷ ತಂಗಿಯ ಕಡೆ ನೋಡಿದ. ಅಲ್ಲಾದರೂ ಒಂದು ಪಾಲು ಉಳಿದಿದ್ದೀತೆಂದು. ಕಾಮಾಕ್ಷಮ್ಮ ಕೋಡುಬಳೆಯ ಡಬ್ಬವನ್ನು ಮಡಿಲಲ್ಲಿಟ್ಟುಕೊಂಡು ಅಳುತ್ತಿದ್ದಳು. "ನಂಗೆ ಸರ್ಯಾಗಿ ಕೇಳುಸ್ಲಿಲ್ಲ ಅಂತ ತಾನೆ ತಿರುಗಿ ಕೇಳಿದ್ದು. ನೀನು ಹೂಂ ಅಂದ್ಯಲ್ಲಣ್ಣ."

ಆ ಹೂಂ ಜಗುಲಿಯ ಮೇಲೆ ಅಷ್ಟಗಲಕ್ಕೆ ಹರಡಿ ಬಿದ್ದುಕೊಂಡಿತು, ಎಲ್ಲರೂ ಕಾಲು ಹಿಂದಕ್ಕೆಳೆದುಕೊಳ್ಳುವಂತೆ. ಯಾರ ಹೆಸರಿಗೂ ಅದನ್ನು ಹಂಚಲು ಬರುತ್ತಿರಲಿಲ್ಲ. ಅವಳು ಕೇಳಿದ್ದು ಪ್ರಶ್ನೆ. ಅವನು ಅದರಲ್ಲಿ ತನಗೆ ಬೇಕಾದ್ದನ್ನು ಓದಿಕೊಂಡಿದ್ದ. ಯಾಕೆ ಬೇಕಿತ್ತು? ಮಾವನ ಮನೆಯ ಅನ್ನ ತಿಂದು ಓದಿದವನಿಗೆ, ಅದೇ ಮನೆಯ ಜಗುಲಿಯ ಮೇಲೆ ಕೂತು ಒಂದು 'ಸಮ'ವನ್ನು ತೀರ್ಮಾನಿಸುವ ಸುಖವೇ? ಸಮಸಮ, ಧರ್ಮಸ್ಥ, ಓದಿದವನು. ಪಟೇಲರು ಹಾಗೆಂದಾಗ ಮೈ ಬೆಚ್ಚಗಾದದ್ದು ಈಗ ನೆನಪಿಗೆ ಬಂತು. ಒಂದು ಸಾಲನ್ನೂ ಬದಲಿಸದೆ ಸುಳ್ಳು ಹೇಳಿದ್ದ. ನಿಜ ಹೇಳಬೇಕಾದರೆ ಮಾವ ಆಡದ ಮಾತೊಂದನ್ನು ಸೇರಿಸಬೇಕಾಗಿತ್ತು. ಅದನ್ನೂ ಅವನು ಹೇಳಲಿಲ್ಲ, ಮಂಜುನಾಥನೇ ಹೇಳಿದ.

ಚಲುವಯ್ಯ ಛಾಪಾ ಕಾಗದದ ಮೇಲೆ ಬರೆದ. ಪೂರ್ತಿ ಎಂಬ ಪದವನ್ನು ಎರಡು ಸಲ ಬರೆದ, ಒಂದು ಸಲ ಹೊಲದ ಮುಂದೆ, ಇನ್ನೊಂದು ಸಲ ಬಾವಿ ಸಮೇತ ಎಂಬಲ್ಲಿ. ಮಂಜುನಾಥ ರುಜು ಹಾಕಿ, ಯಾರನ್ನೂ ನೋಡದೆ, ಮೆಟ್ಟಿಲಿಳಿದು ಬೀಡಿ ಹಚ್ಚಿದ. ದೊಡ್ಡತಾಯಮ್ಮ ಮಸಿಯ ಹಲಗೆಯ ಮೇಲೆ ಹೆಬ್ಬೆರಳನ್ನು ಉರುಳಿಸಿ ಕಾಗದದ ಮೇಲೆ ಒತ್ತಿದಳು. ಬೆರಳನ್ನು ತಲೆಗೂದಲಿಗೆ ಒರೆಸಿಕೊಳ್ಳುತ್ತ ಪಾಲಾಕ್ಷನ ಹತ್ತಿರ ಬಂದು ನಿಂತಳು. ಬುಟ್ಟಿಯನ್ನು ಕಾಲಿನಿಂದ ಅವನ ಕಡೆಗೆ ಸ್ವಲ್ಪ ಸರಿಸಿದಳು. ಬೈದಿದ್ದರೆ ಅವನಿಗೆ ಉಪಕಾರವಾಗುತ್ತಿತ್ತು. ಬಸ್ಸು ತಡವಾಯಿತೇ ಎಂದು ಕೇಳುವವಳಂತೆ ಕೇಳಿದಳು:

"ಒಂದುಸ್ರು ತಕ್ಕಳಕೆ ಆರು ತಿಂಗ್ಳು ಬೇಕಾಯ್ತಾ ಪಾಲಾಕ್ಷಪ್ಪ?"

ಅಷ್ಟರಲ್ಲಿ ಚಲುವಯ್ಯ ಲೇಖನಿಯನ್ನು ಪಾಲಾಕ್ಷನ ಕಡೆ ತಿರುಗಿಸಿ ಹಿಡಿದು, ಸಾಕ್ಷಿ ಎಂದು ಬರೆದ ಕಡೆ ಬೆರಳಿಟ್ಟು ತೋರಿಸಿದ. ಪಾಲಾಕ್ಷ ಬಗ್ಗಿದ. ರೂಢಿಯಂತೆ ಆ ಪದದಿಂದ ಒಂದಷ್ಟು ದೂರದಲ್ಲಿ ಲೇಖನಿಯ ಮೊನೆ ಊರಿದ್ದ.

"ಮಧ್ಯೆ ಜಾಗ ಬುಡಬ್ಯಾಡಿ ಸಾ," ಎಂದ ಚಲುವಯ್ಯ. "ಅಂಟಿಸಿ ಬರೀರಿ."